ಹಸಿರು ಚೀಲದ ಕಳಂಜ

ಲಿವರ್‌ಪೂಲ್, ಸಿಡ್ನಿ
2 ಅಕ್ಟೋಬರ್ 2025

ವಿಜಿ ಅಕ್ಕನಿಗೆ,

ನೀನು ನನ್ನ ನಂಬರ್ ಬ್ಲಾಕ್ ಮಾಡಿರುವುದರಿಂದ ಈ ಪತ್ರ. ಅಂಚೆಯವರನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ. ನಿನ್ನ ಜೊತೆ ತುಳುವಿನಲ್ಲಿ ಜಗಳವಾಡುವುದು ಸುಲಭ, ಬರೆಯಲು ಕೂತರೆ ಊರಿನ ಶಾಲೆಯ ಕನ್ನಡವೇ ಕೈಗೆ ಬರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದು. ನೀನು ಎಂಎ ಮಾಡಿದವಳು.

ಜೂನ್‌ನಲ್ಲಿ ನಿನ್ನ ಮಗಳು ಚಿನ್ನುವಿನ ಹುಟ್ಟುಹಬ್ಬದ ದಿನ ನಾನು ಮಾಡಿದ್ದಾದರೂ ಏನು? ನಿನ್ನ ಅತ್ತೆ "ಯೂನಿ ಹೇಗೆ ನಡೀತಿದೆಯಪ್ಪ ತುಷಾರ್?" ಎಂದು ಕೇಳಿದರು. "ಯೂನಿ ಇಲ್ಲ ಆಂಟಿ, ಹನ್ನೊಂದನೇ ಕ್ಲಾಸಲ್ಲೇ ಶಾಲೆ ಬಿಟ್ಟೆ, ಈಗ ಟಯರ್ ಅಂಗಡಿಯಲ್ಲಿದ್ದೇನೆ" ಎಂದೆ. ಅದರಲ್ಲಿ ಸುಳ್ಳು ಯಾವುದು? ಅವರ ಎದುರು ನನ್ನನ್ನು ಯೂನಿವರ್ಸಿಟಿಗೆ ಸೇರಿಸಿದ್ದು ನೀನು, ನನ್ನನ್ನು ಕೇಳದೆ. ಮತ್ತೆ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಸ್ವಲ್ಪ ಬದಲಾಗಿದೆ ಅಷ್ಟೆ, ಟಯರ್ ಅಂಗಡಿಯನ್ನೂ ಬಿಟ್ಟೆ. ಈಗ ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದೇನೆ. ಇಲ್ಲೂ ಎಷ್ಟು ದಿನವೋ.

ವಿಷಯಕ್ಕೆ ಬರುತ್ತೇನೆ. ಕ್ರೇಗಿಬರ್ನ್‌ನ ನಿಮ್ಮ ಬೀದಿಯಲ್ಲಿ ಈ ಸಲ ಹ್ಯಾಲೋವೀನ್‌ಗೆ ಮಕ್ಕಳೆಲ್ಲ ಮನೆಯಲ್ಲೇ ಮಾಡಿದ ವೇಷ ಹಾಕಬೇಕಂತೆ. ನೀನು ಅಮ್ಮನಿಗೆ ಫೋನ್ ಮಾಡಿ, "ಅಲ್ಲಿ ಏನಾದರೂ ಅಗ್ಗಕ್ಕೆ ಸಿಕ್ಕಿದ್ರೆ ಕಳ್ಸಿ, ಮನೇಲಿ ಮಾಡಿದ್ದು ಅಂತ ಹೇಳ್ತೇನೆ" ಎಂದೆಯಂತೆ. ಎರಡು ವರ್ಷದ ಮಗುವಿನ ಬಟ್ಟೆಗೂ ಒಂದು ಸುಳ್ಳು ಬೇಕೇ? ನಾನೇ ಮಾಡಿ ಕಳಿಸುತ್ತೇನೆ. ಅಳತೆ ಬರೆ.

ತುಷಾರ್


ಕ್ರೇಗಿಬರ್ನ್, ಮೆಲ್ಬರ್ನ್
8 ಅಕ್ಟೋಬರ್ 2025

ತುಷಾರ,

ಪತ್ರ ಸಿಕ್ಕಿತು. ನಿನ್ನ ಭಾವ ಸಂಪತ್ ಓದಲು ನೋಡಿದರು, ನಿನ್ನ ಅಕ್ಷರ ಕಂಡು "ಇದು ಡಾಕ್ಟರ್ ಚೀಟಿ ಥರ ಇದೆ, ನೀನೇ ಓದ್ಕೊ" ಎಂದು ವಾಪಸ್ ಕೊಟ್ಟರು.

ಚಿನ್ಮಯಿಯ ಸೊಂಟಕ್ಕೆ ಅಮ್ಮನ ಎರಡು ಗೇಣು ಇಟ್ಟು, ಮೇಲೆ ಅರ್ಧ ಗೇಣು. ಅಮ್ಮನಿಗೆ ಗೊತ್ತಾಗುತ್ತದೆ. ಸೊಂಟದಿಂದ ಮೊಣಕಾಲಿಗೆ ಅವಳ ಹಳೆಯ ಹಳದಿ ಫ್ರಾಕ್‌ನಷ್ಟು. ಅದು ಅಲ್ಲೇ ಉಳಿದಿದೆ. ತಲೆಗೆ ಏನನ್ನೂ ಇಡಬೇಡ, ಕಿತ್ತು ಬಿಸಾಡುತ್ತಾಳೆ. ಕತ್ತಿಗೆ ಕಟ್ಟುವಂಥದ್ದು ಬೇಡ. ಗುಂಡಿ, ಮಣಿ, ಪಿನ್ನು ಒಂದೂ ಬೇಡ, ಎಲ್ಲ ಬಾಯಿಗೆ ಹೋಗುತ್ತದೆ. ನ್ಯಾಪಿ ಬದಲಿಸಲು ಆಗಬೇಕು.

ಅತ್ತೆ ಬೆಂಗಳೂರಿಗೆ ಮರಳುವುದು ಜನವರಿಯಲ್ಲಿ. "ಹ್ಯಾಲೋವೀನ್ ಅಂದ್ರೆ ದೆವ್ವಗಳ ಹಬ್ಬ ಅಂತಲ್ಲ, ನಮ್ಮ ಮಗೂಗೆ ಯಾಕಮ್ಮ ಅದು?" ಎಂದು ಎರಡು ದಿನ ಹೇಳಿದರು. ಕುಂಬಳಕಾಯಿ ವೇಷ ಎಂದ ಮೇಲೆ ಒಪ್ಪಿದರು. "ಅದಾದ್ರೆ ಸರಿ, ದೃಷ್ಟಿ ತೆಗೆಯೋಕೂ ಕುಂಬಳಕಾಯೀನೇ ಅಲ್ವಾ?" ಆದ್ದರಿಂದ ಕುಂಬಳಕಾಯಿ ಮಾಡು. ಬೇರೆ ಬುದ್ಧಿ ಉಪಯೋಗಿಸಬೇಡ.

ಕೆಲಸ ಬಿಟ್ಟ ವಿಷಯ ಇಲ್ಲಿ ಯಾರಿಗೂ ಹೇಳುವುದಿಲ್ಲ. ನೀನೂ ಹೇಳಬೇಡ. ಅಪ್ಪನ ಮೊಣಕಾಲು ನೋವು ಹೇಗಿದೆ?

ವಿಜೇತಾ


ಲಿವರ್‌ಪೂಲ್
13 ಅಕ್ಟೋಬರ್ 2025

ಅಕ್ಕ,

ಬೇರೆ ಬುದ್ಧಿ ಉಪಯೋಗಿಸಿದ್ದೇನೆ.

ಮೊದಲು ಕುಂಬಳಕಾಯಿಯನ್ನೇ ಮಾಡಿದೆ. ನನ್ನ ಹಳೆಯ ಕಿತ್ತಳೆ ಟೀ ಶರ್ಟಿನೊಳಗೆ ಪೇಪರ್ ತುರುಕಿ, ಕೆಳಗೆ ದಾರ ಎಳೆದು, ಅಕ್ಕಿ ಮೂಟೆಗೆ ಹಾಕಿ ನೋಡಿದೆ. ಅಮ್ಮ ಬಂದವಳು "ಇದಕ್ಕೆ ಕೆಂಪು ಬಣ್ಣ ಬಳಿದ್ರೆ ಗ್ಯಾಸ್ ಸಿಲಿಂಡರ್ ಮಾರಾಯ" ಎಂದಳು. ನಿಜವೇ. ಇನ್ನು ಅದಕ್ಕೆ ಎಲೆ ಬೇಕಲ್ಲ, ಮನೆಯಲ್ಲಿ ರಾಶಿ ಬಿದ್ದಿರುವ ಹಸಿರು ಶಾಪಿಂಗ್ ಚೀಲಗಳನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿದೆ. ಆ ಬಟ್ಟೆ ನೂಲು ಬಿಡುವುದಿಲ್ಲ, ಅಂಚು ಹೊಲಿಯುವ ಕೆಲಸವಿಲ್ಲ. ಹಳೆಯ ಪೈಜಾಮದ ಎಲಾಸ್ಟಿಕ್ಕಿಗೆ ಒಂದೊಂದೇ ಪಟ್ಟಿಯನ್ನು ನಡುವೆ ಮಡಚಿ, ಮಡಿಕೆಯೊಳಗಿಂದ ಎರಡೂ ತುದಿ ತೂರಿಸಿ ಎಳೆದರೆ ಗಂಟು ಬೀಳುತ್ತದೆ. ಸೂಜಿ ಬೇಡ, ಗೋಂದು ಬೇಡ. ಹಾಗೆ ಕಟ್ಟಿ ಕುರ್ಚಿಗೆ ನೇತು ಹಾಕಿದ್ದೆ.

ಮಧ್ಯಾಹ್ನ ಅಪ್ಪ ಬ್ರೆಡ್ ಫ್ಯಾಕ್ಟರಿಯಿಂದ ಬಂದರು. ಬೂಟು ಬಿಚ್ಚುತ್ತಿದ್ದವರು ಹಾಗೇ ನಿಂತುಬಿಟ್ಟರು. "ತಿರಿ ಯಾರು ಕಟ್ಟಿದ್ದು?" ಎಂದರು.

ತಿರಿ ಎಂದರೆ ಎಳೆ ತೆಂಗಿನ ಗರಿ ಎಂದು ನನಗೆ ಗೊತ್ತಿತ್ತು, ಆದರೆ ಕುರ್ಚಿಯ ಮೇಲೆ ತೂಗುತ್ತಿದ್ದದ್ದು ಅದೇ ಎಂದು ಅವರು ಕೇಳಿದ ಮೇಲೆ ಕಂಡಿತು. ಅಪ್ಪ ಅದನ್ನು ತೆಗೆದು ಫ್ಯಾಕ್ಟರಿ ಪ್ಯಾಂಟಿನ ಮೇಲೆ ಸೊಂಟಕ್ಕೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಸುತ್ತು ಹಾಕಿದರು. ಮೊಣಕಾಲು ನೋವಿನ ಮನುಷ್ಯ! ಅಮ್ಮ, "ಸ್ಟವ್ ಮೇಲೆ ಸಾರುಂಟು, ಇಳಿಸಿದ ಮೇಲೆ ಕುಣಿಯಿರಿ" ಎಂದು ಬೈದಳು. ಬೈಯುತ್ತ ನಗುತ್ತಿದ್ದಳು.

ಆಗಲೇ ತೀರ್ಮಾನವಾಯಿತು. ಚಿನ್ನು ಕುಂಬಳಕಾಯಿ ಅಲ್ಲ, ಆಟಿ ಕಳಂಜ.

ಅಪ್ಪ ಕಳಂಜನಾಗಿ ಹೊರಟದ್ದನ್ನು ನೀನು ಎಷ್ಟೋ ಸಲ ನೋಡಿದ್ದೀಯ, ನನಗೆ ನೆನಪಿರುವುದು ಒಂದೇ ಸಲ. ಜೋರು ಮಳೆಯ ಆಟಿ ತಿಂಗಳು, ಸೊಂಟಕ್ಕೆ ಗರಿ, ಮುಖಕ್ಕೆ ಬಣ್ಣ, ಕಾಲಿಗೆ ಸದ್ದು ಮಾಡುವ ಗಗ್ಗರ, ಕೈಯಲ್ಲಿ ತಿರುಗಿಸುವ ಓಲೆ ಕೊಡೆ. ಮುಂದೆ ಅಜ್ಜ ತೆಂಬರೆ ವಾದ್ಯ ಬಡಿಯುತ್ತ ಹಾಡು ಹೇಳುವುದು. ಮನೆ ಮನೆಗೆ ಹೋಗಿ ಕುಣಿದು, ಅವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಉಪ್ಪು ಹುಳಿ ತೆಗೆದುಕೊಂಡು, ಅವರ ಮನೆಯ ರೋಗ ರುಜಿನವನ್ನು ಹೊತ್ತುಕೊಂಡು ಬರುವುದು. ಹ್ಯಾಲೋವೀನ್ ಎಂದರೆ ಬೇರೆ ಏನು? ವೇಷ ಹಾಕು, ಬಾಗಿಲು ಬಾಗಿಲಿಗೆ ಹೋಗು, ಕೊಟ್ಟದ್ದು ಚೀಲಕ್ಕೆ ಹಾಕು. ಇವರು ಚಾಕಲೇಟು ಕೊಡುತ್ತಾರೆ, ರೋಗ ಮಾತ್ರ ಅವರ ಹತ್ತಿರವೇ ಇರುತ್ತದೆ. ನಮ್ಮದೇ ಮೇಲು.

ವೇಷವನ್ನು ಆಟಕ್ಕೆ ಹಾಕಬಹುದಾ, ಹೆಣ್ಣು ಮಗು ಹಾಕಬಹುದಾ ಎಂದು ಅಪ್ಪನನ್ನೇ ಕೇಳಿದೆ. "ಕಳಂಜ ಮಾರಿ ಓಡಿಸುವವ. ಮಕ್ಕಳ ಮೇಲೆ ಸಿಟ್ಟು ಮಾಡ್ತಾನಾ?" ಎಂದರು.

ಕಾಲ್ಗೆಜ್ಜೆಯನ್ನು ಹಳೆಯ ಕಾಲುಚೀಲದೊಳಗೆ ಹಾಕಿ ಬಾಯಿ ಹೊಲಿದಿದ್ದೇನೆ, ಸದ್ದು ಬರುತ್ತದೆ, ಬಾಯಿಗೆ ಹೋಗುವುದಿಲ್ಲ. ಕೊಡೆಗೆ ಕಡ್ಡಿ ಇಲ್ಲ, ಪೇಪರ್ ತಟ್ಟೆಯ ಅಂಚಿಗೆ ಅದೇ ಪಟ್ಟಿ ಕಟ್ಟಿ, ರಟ್ಟಿನ ಕೊಳವೆ ಸಿಕ್ಕಿಸಿದೆ. ತಲೆಗೆ ಏನೂ ಇಲ್ಲ. ನಾಳೆ ಪಾರ್ಸೆಲ್ ಕಳಿಸುತ್ತೇನೆ.

ತುಷಾರ್


ಕ್ರೇಗಿಬರ್ನ್
17 ಅಕ್ಟೋಬರ್ 2025

ತುಷಾರ,

ಪಾರ್ಸೆಲ್ ಇನ್ನೂ ಬಂದಿಲ್ಲ. ಕಳಿಸಿಲ್ಲವೆಂದರೆ ಕಳಿಸಬೇಡ.

ನಿನಗೆ ಎಲ್ಲವೂ ಆಟ. ನಿನಗೆ ಗೊತ್ತಿಲ್ಲದ್ದನ್ನು ಈಗ ಬರೆಯಬೇಕಾಗಿ ಬಂದಿದೆ. ಅಪ್ಪ ಊರಿನಲ್ಲಿ ಏನು ಮಾಡುತ್ತಿದ್ದರು ಎಂದು ಅತ್ತೆ ಮದುವೆಗೆ ಮೊದಲು ಕೇಳಿದ್ದರು. ಯಕ್ಷಗಾನದಲ್ಲಿ ವೇಷ ಹಾಕುತ್ತಿದ್ದರು ಎಂದು ಹೇಳಿದ್ದೇನೆ. ಅವರು ಬಂದವರಿಗೆಲ್ಲ "ನಮ್ಮ ಬೀಗರು ಯಕ್ಷಗಾನ ಕಲಾವಿದರು" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅವರ ಕಡೆ ಹೆಣ್ಣು ತಂದುಕೊಳ್ಳುವುದಕ್ಕೆ ಏನೇನು ನೋಡುತ್ತಾರೆಂದು ನಿನಗೆ ಗೊತ್ತಿಲ್ಲ. ಆ ಒಂದು ಮಾತಿನ ಮೇಲೆ ನನ್ನ ಮನೆ ನಿಂತಿದೆ.

ಅತ್ತೆಗೆ ಕಳಂಜ ಎಂದರೆ ಗೊತ್ತಾಗುವುದಿಲ್ಲ, ಸರಿ. ಆದರೆ ಎದುರು ಮನೆಯ ಹರ್ಷಿತಾ ಉಡುಪಿಯವಳು. ಅವಳ ಅತ್ತೆ ನೀಲಕ್ಕ ಈಗ ಊರಿನಿಂದ ಬಂದಿದ್ದಾರೆ. ಆ ಗರಿಯ ಲಂಗ ನೋಡಿದರೆ ಅವರಿಗೆ ಹೆಸರು ಬೇಕಾಗಿಲ್ಲ, ಕಳಂಜ ಕಟ್ಟುವವರು ಯಾವ ಜಾತಿಯವರೆಂದು ಆ ಊರಿನ ಮಗುವಿಗೂ ಗೊತ್ತು. ದಿನಾ ಸಂಜೆ ಇಬ್ಬರು ಅಜ್ಜಿಯರೂ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ.

ನಾನು ನಾಚಿಕೆಪಡುತ್ತೇನೆ ಎಂದು ನೀನು ಬರೆಯಲಿದ್ದೀಯ. ಬರೆಯಬೇಡ. ನೀನು ಯಾವ ಮನೆಯಲ್ಲೂ ಇಂಥ ಪ್ರಶ್ನೆಗೆ ಉತ್ತರ ಕೊಟ್ಟವನಲ್ಲ.

ವಿಜೇತಾ


ಲಿವರ್‌ಪೂಲ್
21 ಅಕ್ಟೋಬರ್ 2025

ಅಕ್ಕ,

ಪಾರ್ಸೆಲ್ ಹೋಗಿ ಒಂದು ವಾರವಾಯಿತು. ವಾಪಸ್ ತರಿಸುವುದಿಲ್ಲ.

ಯಕ್ಷಗಾನ! ಅಪ್ಪನಿಗೆ ಕಿರೀಟ ಇಟ್ಟು, ಗೆಜ್ಜೆ ಕಟ್ಟಿ, ರಂಗಸ್ಥಳಕ್ಕೆ ಹತ್ತಿಸಿಬಿಟ್ಟೆ. ನನ್ನನ್ನು ಯೂನಿಗೆ ಸೇರಿಸಿದ ಹಾಗೆ. ಈ ಮನೆಯಲ್ಲಿ ನೀನು ಇದ್ದ ಹಾಗೆ ಬಿಟ್ಟವರು ಯಾರಾದರೂ ಇದ್ದಾರಾ? ಅಮ್ಮನನ್ನು ಏನು ಮಾಡಿದ್ದೀಯ, ಡಾಕ್ಟರಾ?

ನಾವು ನಲಿಕೆಯವರು. ಬರೆದಿದ್ದೇನೆ, ನೋಡು, ಆಕಾಶ ಬಿದ್ದಿಲ್ಲ. ನಾನು ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತಲಿಲ್ಲವೆಂದಲ್ಲ, ಕೂತಲ್ಲಿ ಕೂರಲು ಆಗಲಿಲ್ಲ ಎಂದು. ಅದನ್ನು ಎಲ್ಲರಿಗೂ ಹೇಳಿದ್ದೇನೆ. ಕೆಲವರು ಮುಖ ತಿರುಗಿಸಿದರು. ಅವರ ಕತ್ತು, ಅವರು ತಿರುಗಿಸಿಕೊಳ್ಳಲಿ.

ನೀನು ನಾಚಿಕೆಪಡುತ್ತೀಯ. ಬರೆಯಬೇಡ ಎಂದರೂ ಬರೆದೆ.

ಅಪ್ಪ ಕೆಲಸದಿಂದ ಬಂದ ತಕ್ಷಣ ಕೇಳುವುದು ಒಂದೇ, "ಪಾರ್ಸೆಲ್ ಮುಟ್ಟಿತಾ?" ನಿನ್ನ ಯಕ್ಷಗಾನದ ವಿಷಯ ಅವರಿಗೆ ಹೇಳಿಲ್ಲ. ಆದರೆ ಕೇಳಿದರೆ ಸುಳ್ಳು ಹೇಳುವುದಿಲ್ಲ. ನಿನಗೆ ಕುಂಬಳಕಾಯಿಯೇ ಬೇಕಿದ್ದರೆ ಅಂಗಡಿಗೆ ಹೋಗಿ ತೆಗೆದುಕೊ. ಮನೆಯಲ್ಲಿ ಮಾಡಿದ್ದು ಎಂದು ಹೇಳು. ನಿನಗೆ ಅಭ್ಯಾಸ ಇದೆ.

ತುಷಾರ್


ಕ್ರೇಗಿಬರ್ನ್
24 ಅಕ್ಟೋಬರ್ 2025

ತುಷಾರ,

ನಿನ್ನ ಪತ್ರ ಓದಿ ಹರಿದು ಹಾಕಿದೆ. ಇನ್ನೊಬ್ಬರ ಕೈಗೆ ಸಿಗಬಾರದೆಂದು.

ಪಾರ್ಸೆಲ್ ಬಂದಾಗ ನಾನು ಆಫೀಸಿನಲ್ಲಿದ್ದೆ. ಅತ್ತೆಯೇ ತೆರೆದಿದ್ದಾರೆ. ನಾನು ಮನೆಗೆ ಬರುವಾಗ ಚಿನ್ನು ಲಂಗ ಹಾಕಿಕೊಂಡು, ಕಾಲುಚೀಲದ ಗೆಜ್ಜೆ ಕುಟ್ಟುತ್ತ ಹಾಲ್‌ನಲ್ಲಿ ಓಡುತ್ತಿದ್ದಳು. ಅತ್ತೆ ಕೊಡೆ ತಿರುಗಿಸುತ್ತಿದ್ದರು. "ಎಷ್ಟು ಚೆನ್ನಾಗಿ ಮಾಡಿದಾನೆ ನಿನ್ನ ತಮ್ಮ! ಇದು ಯಕ್ಷಗಾನದ್ದಾ ಅಮ್ಮ?" ಎಂದು ಕೇಳಿದರು. ಹೂಂ ಎಂದೆ.

ಈಗ ಬಿಚ್ಚಲು ಹೋದರೆ ಅವಳು ನೆಲಕ್ಕೆ ಬಿದ್ದು ಅರಚುತ್ತಾಳೆ. ನಿನ್ನೆ ಚೈಲ್ಡ್‌ಕೇರ್‌ಗೂ ಅದರಲ್ಲೇ ಹೋದಳು. ಬಚ್ಚಿಡುವ ಹಾಗಿಲ್ಲ. ಅದಕ್ಕೆ ಒಂದು ದಾರಿ ಹುಡುಕಿದ್ದೇನೆ. ಆ ದಿನ ಲಂಗದ ಮೇಲೆ ಎರಡು ಕಾಗದದ ಹೂ ಅಂಟಿಸಿ, ಕಂದು ಬಣ್ಣದ ಸ್ವೆಟರ್ ಹಾಕಿಸುತ್ತೇನೆ. ಕೊಡೆ ಮನೆಯಲ್ಲೇ ಇರಲಿ. ಯಾರು ಕೇಳಿದರೂ ಮರ ಎನ್ನುತ್ತೇನೆ. ಎರಡು ವರ್ಷದ ಮಗು ಮರವಾದರೆ ಯಾರಿಗೆ ನಷ್ಟ?

ಯಕ್ಷಗಾನ ಎಂದು ಹೇಳಲು ಮೊದಲು ಸೂಚಿಸಿದ್ದು ಸಂಪತ್. ಅವರಿಗೆ ನಾವು ಯಾರೆಂದು ಕಾಲೇಜಿನಿಂದಲೇ ಗೊತ್ತು. "ಅಮ್ಮನಿಗೆ ಮಾತ್ರ ಹೀಗೆ ಹೇಳಿಬಿಡು, ಸುಲಭ ಆಗುತ್ತೆ" ಎಂದಿದ್ದರು. ಸುಲಭವಾಯಿತು ಕೂಡ. ಇದನ್ನು ಅಪ್ಪನಿಗೆ ಹೇಳಬೇಡ. ಬೇಡಿಕೊಳ್ಳುತ್ತಿದ್ದೇನೆ.

ವಿಜಿ


ಲಿವರ್‌ಪೂಲ್
27 ಅಕ್ಟೋಬರ್ 2025

ಅಕ್ಕ,

ನಿನ್ನ ಪತ್ರ ಬಂದಾಗ ಬಾಗಿಲು ತೆರೆದದ್ದು ಅಪ್ಪ. "ವಿಜಿದು. ಮುಟ್ಟಿತಂತಾ? ಮಗುವಿಗೆ ಆಗ್ತದಂತಾ?" ಎಂದು ನನ್ನ ಎದುರು ಕುಳಿತರು. ಮುಟ್ಟಿತು, ಚಿನ್ನು ಬಿಚ್ಚುತ್ತಲೇ ಇಲ್ಲ ಎಂದೆ. ನಕ್ಕರು. ಆಮೇಲೆ ಕೇಳಿದರು, "ಇದು ಯಾರು ಅಂತ ಕೇಳಿದ್ರೆ ವಿಜಿ ಎಂತ ಹೇಳ್ತಾಳೆ?"

ಕೇಳಿದರು. ನಾನು ಹೇಳಿದೆ. ಮರ ಎಂದು, ಯಕ್ಷಗಾನ ಎಂದು, ಎಲ್ಲ. ನೀನು ಬೇಡಿಕೊಂಡಿದ್ದೆ, ಗೊತ್ತು. ನನ್ನಿಂದ ಆಗಲಿಲ್ಲ.

ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಬೇಕಿತ್ತು. ನಾನಾಗಿದ್ದರೆ ಮೆಲ್ಬರ್ನಿನ ಬಸ್ಸು ಹತ್ತುತ್ತಿದ್ದೆ. ಅವರು, "ಮರ ಆದ್ರೂ ತೊಂದರೆ ಇಲ್ಲ. ಲಂಗ ಉದ್ದ ಆದ್ರೆ ಎಡವ್ತಾಳೆ, ಸ್ವಲ್ಪ ಕತ್ತರಿಸ್ಲಿಕ್ಕೆ ಹೇಳು" ಎಂದರು. ಮತ್ತೆ, "ಅಲ್ಲಿ ಮಕ್ಕಳು ಬಾಗಿಲವರೆಗೆ ಹೋಗ್ತಾರಲ್ಲ?" ಎಂದರು.

ಹೋಗುತ್ತಾರೆ ಎಂದೆ.

"ಮೆಟ್ಟಿಲು ಹತ್ತಿ? ಬೆಲ್ ಅವರೇ ಒತ್ತುವುದಾ?"

ಹೌದು ಅಪ್ಪ, ಎಷ್ಟು ಸಲ ಕೇಳುತ್ತೀರಿ ಎಂದೆ. ಆಗ ಹೇಳಿದರು. ನಾನು ಕೇಳದೆ, ನಿಧಾನವಾಗಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಅವರು ಎಂಟು ವರ್ಷದ ಹುಡುಗನಾಗಿ ಮೊದಲ ಸಲ ಕಳಂಜ ಕಟ್ಟಿ ಹೋದಾಗ ಜೋರು ಮಳೆ. ಒಂದು ಮನೆಯಲ್ಲಿ ಜಗಲಿಯ ಮಾಡಿನ ಕೆಳಗೆ ನಿಲ್ಲೋಣವೆಂದು ಒಂದು ಮೆಟ್ಟಿಲು ಹತ್ತಿದರಂತೆ. ಅಜ್ಜ ಹಾಡು ನಿಲ್ಲಿಸಿ, ತೋಳು ಹಿಡಿದು ಅಂಗಳಕ್ಕೆ ಎಳೆದರಂತೆ. ಮನೆಯವರು ಬೈಯುವ ಮೊದಲು ಅಜ್ಜನೇ ಬೈದರಂತೆ. ಆ ಮನೆಯವರ ರೋಗ ನಾವು ಹೊರಬೇಕು, ಅವರ ಮೆಟ್ಟಿಲು ಮಾತ್ರ ತುಳಿಯಬಾರದು. ಅಕ್ಕಿ ಹಾಕಿದ್ದು ಮೇಲಿನಿಂದ. "ಬಣ್ಣ ಎಲ್ಲ ಮಳೆಗೆ ಇಳಿದು ಬಾಯಿಗೆ ಬಂತು. ಕಹಿ" ಎಂದರು.

ನಾನು ಏನೆಂದುಕೊಂಡಿದ್ದೆ ಗೊತ್ತಾ? ಹಳೆಯದು ನೆನಪಾಗಿ ಅಪ್ಪ ಅಡುಗೆಮನೆಯಲ್ಲಿ ಕುಣಿದರು, ನಮ್ಮ ಕಲೆ, ನಮ್ಮ ಹೆಮ್ಮೆ ಎಂದೆಲ್ಲ. ಅದೊಂದೂ ಅಲ್ಲ. ಅವರಿಗೆ ಬೇಕಿದ್ದದ್ದು ಇಷ್ಟೇ, ಆ ಲಂಗ ಕಟ್ಟಿಕೊಂಡ ಒಂದು ಮಗು ಮೆಟ್ಟಿಲು ಹತ್ತಿ ಬೆಲ್ ಒತ್ತುವುದು.

ಇನ್ನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ. ನೀನು ಮರ ಎನ್ನು, ಕುಂಬಳಕಾಯಿ ಎನ್ನು. ಎಕ್ಸ್‌ಪ್ರೆಸ್‌ನಲ್ಲಿ ಹಾಕುತ್ತಿದ್ದೇನೆ, ಶುಕ್ರವಾರದ ಹ್ಯಾಲೋವೀನ್‌ಗೆ ಮೊದಲು ಪತ್ರ ನಿನಗೆ ಸಿಗಲಿ ಎಂದು.

ತುಷಾರ್


ಕ್ರೇಗಿಬರ್ನ್
1 ನವೆಂಬರ್ 2025

ತುಷಾರ,

ಇದನ್ನು ಅಪ್ಪನಿಗೆ ಓದಿ ಹೇಳು. ಪೂರ್ತಿ, ಏನನ್ನೂ ಬಿಡಬೇಡ. ನೀನು ಬಿಡುವುದಿಲ್ಲ, ಗೊತ್ತು.

ನಿನ್ನ ಪತ್ರ ಗುರುವಾರ ಸಿಕ್ಕಿತು. ಕಾಗದದ ಹೂ ಕತ್ತರಿಸಿಟ್ಟಿದ್ದೆ. ಶುಕ್ರವಾರ ಸಂಜೆ ಅಂಟಿಸಲು ಹೋದರೆ ಚಿನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಸ್ವೆಟರ್ ಹಾಕಿಸಿದೆ, ಗಾಳಿ ಚಳಿ ಇತ್ತು. ಕೊಡೆ ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಇನ್ನೂ ಬಿಸಿಲಿತ್ತು, ಬೀದಿ ತುಂಬ ಮಕ್ಕಳು. ನಾನು, ಸಂಪತ್, ಅತ್ತೆ ಮೂವರೂ ಅವಳ ಹಿಂದೆ. ಮೊದಲ ಎರಡು ಮನೆಯಲ್ಲಿ "ಲಿಟಲ್ ಟ್ರೀ!" ಎಂದು ಅವರೇ ಹೇಳಿದರು. ನನ್ನ ಸುಳ್ಳನ್ನು ಬೇರೆಯವರು ಹೇಳಿದರೆ ಎಷ್ಟು ಹಗುರ ಎನಿಸಿತು.

ಹರ್ಷಿತಾಳ ಮನೆಯನ್ನು ತಪ್ಪಿಸಿ ಮುಂದಕ್ಕೆ ಕರೆದುಕೊಂಡು ಹೋಗೋಣವೆಂದಿದ್ದೆ. ಚಿನ್ನು ಕೈ ಬಿಡಿಸಿಕೊಂಡು ಓಡಿದಳು. ಎರಡು ಮೆಟ್ಟಿಲು, ಕೈ ಊರಿಕೊಂಡು ಹತ್ತಿದಳು. ಬೆಲ್ ಎಟುಕಲಿಲ್ಲ, ಕೊಡೆಯಿಂದ ಬಾಗಿಲಿಗೆ ಹೊಡೆದಳು.

ಬಾಗಿಲು ತೆರೆದದ್ದು ನೀಲಕ್ಕ. ಕೈಯಲ್ಲಿ ಚಾಕಲೇಟಿನ ಡಬ್ಬಿ. ಕೆಳಗೆ ನೋಡಿದರು. "ಅಬ್ಬ! ಇದು ಕಳಂಜ ಅಲ್ವಾ! ಈ ಊರಿನಲ್ಲಿ ಆಟಿ ಕಳಂಜ!" ಎಂದು ಜೋರಾಗಿ ನಕ್ಕರು. ಖುಷಿಯ ನಗುವೇ. ಚಾಕಲೇಟು ಕೊಡಲು ಬಗ್ಗಿದರು. ಚಿನ್ನು ಅವರ ಸೀರೆಯ ಬದಿಯಿಂದ ನುಸುಳಿ ಒಳಗೆ ನುಗ್ಗಿದಳು. ಅವಳಿಗೆ ಎಲ್ಲ ಮನೆಯೂ ಒಳಗೆ ಹೋಗಲಿಕ್ಕೇ ಇರುವುದು.

"ಅಯ್ಯೋ, ಕಳಂಜ ಒಳಗೆ ಬರ್ಲಿಕ್ಕಿಲ್ಲ ಮಗಾ, ಅಂಗಳದಲ್ಲೇ ನಿಲ್ಲಬೇಕು" ಎಂದರು ನೀಲಕ್ಕ. ಕೆಟ್ಟ ಮನಸ್ಸಿನಿಂದ ಅಲ್ಲ ತುಷಾರ. ಚಪ್ಪಲಿ ಹೊರಗೆ ಬಿಡಿ ಎನ್ನುವ ಹಾಗೆ, ಅಷ್ಟು ಸಹಜವಾಗಿ. ಅದೇ ನನಗೆ ತಡೆಯಲಾಗಲಿಲ್ಲ.

"ಇವಳು ಬರ್ತಾಳೆ" ಎಂದೆ.

ಅವರು ನನ್ನ ಮುಖ ನೋಡಿದರು. "ವೇಷ ಯಾರು ಕಟ್ಟಿದ್ದು? ಸರೀ ಕಟ್ಟಿದ್ದಾರೆ."

ಸಂಪತ್ ಹಿಂದಿನಿಂದ "ಆಂಟಿ, ಅದು ಮರ" ಎಂದರು. ನಾನು ಅವರ ಕಡೆ ತಿರುಗಲಿಲ್ಲ.

"ನನ್ನ ಅಪ್ಪ ಕಟ್ಟಿಸಿದ್ದು. ನನ್ನ ಅಪ್ಪ ಸೇಸಪ್ಪ ಕಳಂಜ ಕಟ್ಟುತ್ತಿದ್ದರು, ಅಜ್ಜ ತೆಂಬರೆ ಬಡಿಯುತ್ತಿದ್ದರು. ನಾವು ನಲಿಕೆಯವರು. ಯಕ್ಷಗಾನ ಅಲ್ಲ ಅತ್ತೆ" ಎಂದೆ. ಕೊನೆಯದನ್ನು ಅತ್ತೆಯ ಕಡೆ ನೋಡಿ ಹೇಳಿದೆ. ಪೂರ್ತಿ ಹೇಳಿದೆ.

ನೀಲಕ್ಕ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು. ಚಿನ್ನು ಅವರ ಸೋಫಾ ಹತ್ತಿ ಕುಳಿತು, ಗೆಜ್ಜೆಯ ಕಾಲು ಆಡಿಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವಳ ಪಕ್ಕದಲ್ಲಿ ಕುಳಿತು, ಅವಳು ಹೊರಡುವವರೆಗೂ ಅಲ್ಲೇ ಕುಳಿತಿದ್ದೆ. ಹರ್ಷಿತಾ ಒಳಗಿನಿಂದ ಬಂದು ನೀರು ಕೊಟ್ಟಳು. ಕುಡಿದೆ.

ಮನೆಗೆ ಬಂದ ಮೇಲೆ ಸಂಪತ್, "ಅಮ್ಮ ಜನವರಿಗೆ ಹೋಗ್ತಿದ್ರಲ್ಲ, ಎರಡು ತಿಂಗಳು ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದರು. ಆಗಲಿಲ್ಲ ಎಂದೆ. ನೀವು ಹೇಳಿಕೊಟ್ಟ ಸುಳ್ಳನ್ನು ಇನ್ನು ನೀವೇ ಇಟ್ಟುಕೊಳ್ಳಿ ಎಂದೆ. ಅವರು ಮಾತಾಡುತ್ತಿಲ್ಲ.

ಅತ್ತೆ ಇಂದು ಬೆಳಿಗ್ಗೆ ಕಾಫಿಗೆ ಬಂದರು. ಲೋಟ ಮುಟ್ಟಲಿಲ್ಲ. "ಮದುವೆ ದಿನ ನಿಮ್ಮಪ್ಪ ನಮ್ಮ ಜೊತೆ ಪಂಕ್ತೀಲಿ ಕೂರಲಿಲ್ಲ. ಹೊಟ್ಟೆ ಸರಿ ಇಲ್ಲ, ಆಮೇಲೆ ತಿಂತೀನಿ ಅಂದ್ರು. ಇದಕ್ಕೇನಾ?" ಎಂದು ಕೇಳಿದರು.

ಇದಕ್ಕೇ ಎಂದೆ.

ಅವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಿಟ್ಟೋ, ಅಳುವೋ, ಊರಿಗೆ ಫೋನ್ ಮಾಡುತ್ತಿದ್ದಾರೋ ಗೊತ್ತಿಲ್ಲ. ಏನಾದರೂ ಆಗಲಿ. ಅಪ್ಪ ಇನ್ನು ಯಾರ ಮನೆಯ ಊಟಕ್ಕೂ ಹೊಟ್ಟೆ ಸರಿ ಇಲ್ಲ ಎನ್ನಬೇಕಾಗಿಲ್ಲ. ನನ್ನ ಮನೆಯಲ್ಲಂತೂ ಇಲ್ಲ.

ಚಿನ್ನು ಬೆಳಿಗ್ಗೆ ಎದ್ದವಳೇ ಮತ್ತೆ ಲಂಗ ಹಾಕಿಸಿಕೊಂಡಿದ್ದಾಳೆ. ಹ್ಯಾಲೋವೀನ್ ಮುಗಿಯಿತು ಎಂದು ಅವಳಿಗೆ ಹೇಳಲು ಯಾರಿಂದಲೂ ಆಗಿಲ್ಲ. ಒಂದೊಂದೇ ಬಾಗಿಲು ಬಡಿಯುತ್ತ ಬರುತ್ತಿದ್ದಾಳೆ. ಬಾತ್‌ರೂಮಿನದಾಯಿತು, ನಮ್ಮ ಕೋಣೆಯದಾಯಿತು. ನಾನು ಇದನ್ನು ಬರೆಯುವಾಗ ಅತ್ತೆಯ ಬಾಗಿಲ ಮುಂದೆ ನಿಂತು, ಕೊಡೆಯಿಂದ ಬಡಿಯುತ್ತಿದ್ದಾಳೆ. ಒಳಗಿನಿಂದ ಸದ್ದಿಲ್ಲ. ಮತ್ತೆ ಬಡಿಯುತ್ತಿದ್ದಾಳೆ.

ನಾನು ಅವಳನ್ನು ಕರೆಯುವುದಿಲ್ಲ.

ವಿಜಿ